ಮನೆಯ ಜನರೇಟರಿಗೆ ಸ್ಮಾರ್ಟ್ ಸೆನ್ಸರ್‌ಗಳ ಕಾವಲು: ಹಂತ ಹಂತವಾಗಿ

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಒಂಟಿ ಮನೆಗಳಲ್ಲಿ ಮಳೆಗಾಲದ ಕರೆಂಟಿನ ಲೆಕ್ಕವೇ ಬೇರೆ. ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗಾಳಿಗೆ ಒಂದು ಮರ ಕಾಡಿನ ನಡುವಿನ ಲೈನಿನ ಮೇಲೆ ಬಿದ್ದರೆ, ಅದನ್ನು ಹುಡುಕಿ, ಕಡಿದು, ತಂತಿ ಎಳೆದು ಮುಗಿಸುವಷ್ಟರಲ್ಲಿ ಎರಡು ಮೂರು ದಿನ ಕಳೆಯುವುದು ಇಲ್ಲಿ ಯಾರಿಗೂ ಹೊಸದಲ್ಲ. ಹಾಗಾಗಿ ಅಡಿಕೆ, ಕಾಫಿ ತೋಟದ ಮನೆಗಳಲ್ಲಿ ಇನ್ವರ್ಟರಿನ ಜೊತೆಗೆ ಒಂದು ಡೀಸೆಲ್ ಜನರೇಟರೂ, ಕರೆಂಟು ಹೋದೊಡನೆ ಅದನ್ನು ತಾನಾಗಿ ಚಾಲೂ ಮಾಡುವ ಆಟೋ ಸ್ಟಾರ್ಟ್ ಪ್ಯಾನೆಲ್ಲೂ ಇರುತ್ತವೆ. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಎಂಬುದೂ ಈಗ ಸಾಮಾನ್ಯ ಸಂಗತಿಯೇ.

ನಮ್ಮ ಮನೆಯ ಯಂತ್ರ 7.5 ಕೆವಿಎ ಸಾಮರ್ಥ್ಯದ್ದು. ಒಂದು ಜುಲೈ ರಾತ್ರಿ ಪ್ಯಾನೆಲ್ ಮೂರು ಸಲ ಸೆಲ್ಫ್ ಹೊಡೆದು ಸುಮ್ಮನಾಯಿತು. ಬೆಳಿಗ್ಗೆ ಬಾಗಿಲು ತೆಗೆದು ನೋಡಿದಾಗ ಬ್ಯಾಟರಿಯ ಧನ ತುದಿಯ ಮೇಲೆ ಹಸಿರು ಬಿಳುಪಿನ ಉಪ್ಪು ಹೂವಿನಂತೆ ಅರಳಿ ಕುಳಿತಿತ್ತು, ಮೀಟರಿಟ್ಟರೆ 10.9 ವೋಲ್ಟ್. ಬ್ಯಾಟರಿಯನ್ನು ಸದಾ ತುಂಬಿಡಬೇಕಾದ ಚಾರ್ಜರಿನ ಎಂಸಿಬಿ (ದೋಷ ಕಂಡರೆ ತಾನಾಗಿ ಆಫ್ ಆಗುವ ಸ್ವಿಚ್) ಯಾವಾಗಲೋ ಕೆಳಗೆ ಬಿದ್ದಿತ್ತು. ಎಂಜಿನ್ನಿನಲ್ಲಿ ಏನೂ ದೋಷವಿರಲಿಲ್ಲ, ಡೀಸೆಲ್ ತುಂಬಿತ್ತು. ಬೇಸಿಗೆಯ ಆ ಮೂರು ತಿಂಗಳಲ್ಲಿ ಆ ಎಂಸಿಬಿ ಬಿದ್ದಿರುವುದನ್ನು ಹೇಳುವವರು ಯಾರೂ ಇರಲಿಲ್ಲ, ಅಷ್ಟೇ. ಈ ಲೇಖನದ ಉದ್ದೇಶ ಹಾಗೆ ಹೇಳುವ ಒಂದು ವ್ಯವಸ್ಥೆಯನ್ನು ಕಡಿಮೆ ಖರ್ಚಿನಲ್ಲಿ ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದು. ಇಲ್ಲಿನ ವಿವರಣೆ ಸಿಂಗಲ್ ಫೇಸ್ ಯಂತ್ರಕ್ಕೆ ಸಂಬಂಧಿಸಿದ್ದು. ತ್ರೀ ಫೇಸ್ ಆದರೆ ಅಳತೆಯ ಮಾಡ್ಯೂಲ್‌ಗಳು ಮೂರು ಬೇಕಾಗುತ್ತವೆ, ತತ್ವ ಅದೇ.

ಆರಂಭಿಸುವ ಮುನ್ನ

ಎರಡು ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳಬೇಕು. ನಾವು ಅಳವಡಿಸುವ ಸೆನ್ಸರ್‌ಗಳು ನೋಡುವ ಕೆಲಸ ಮಾತ್ರ ಮಾಡಬೇಕು. ಜನರೇಟರನ್ನು ಚಾಲೂ ಮಾಡುವ ಅಥವಾ ನಿಲ್ಲಿಸುವ ಕೆಲಸ ಪ್ಯಾನೆಲ್ಲಿಗೇ ಸೇರಿದ್ದು. ಬೆಂಗಳೂರಿನಲ್ಲಿ ಕುಳಿತು ಫೋನಿನಿಂದ ಎಂಜಿನ್ ಚಾಲೂ ಮಾಡುವ ಆಸೆ ಹುಟ್ಟುವುದು ಸಹಜ. ಆದರೆ ಅದೇ ಗಳಿಗೆಯಲ್ಲಿ ಯಾರಾದರೂ ಬೆಲ್ಟಿನ ಹತ್ತಿರ ಕೈ ಇಟ್ಟಿದ್ದರೆ ಏನಾಗಬಹುದು ಎಂದು ಯೋಚಿಸಿದರೆ ಆ ಆಸೆ ತಾನಾಗಿ ಅಡಗುತ್ತದೆ. ಪ್ಯಾನೆಲ್ಲಿನ ಬಾಗಿಲು ತೆರೆದು ಕೆಲಸ ಮಾಡುವಾಗಲೂ ಮೊದಲು ಅದನ್ನು ಆಫ್ ಸ್ಥಿತಿಗೆ ತಿರುಗಿಸಿ, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಬೇಕು.

ಎರಡನೆಯದು, 230 ವೋಲ್ಟ್ ಇರುವ ಯಾವ ತಂತಿಯನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮುಟ್ಟಬೇಕು. ಮನೆಯನ್ನು ಲೈನಿಗೋ ಜನರೇಟರಿಗೋ, ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಸರಿಯಾಗಿ ಇದೆಯೇ ಎಂದು ಅವರಿಂದಲೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಜನರೇಟರಿನ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿಗೆ ತಲುಪಿದರೆ ಅದು ಅಲ್ಲಿ ಸಾವಿರಾರು ವೋಲ್ಟ್ ಆಗಿ ಏರುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಪವರ್‌ಮನ್ ಜೀವ ಅದಕ್ಕೆ ಬಲಿಯಾಗಬಹುದು.

ಬೇಕಾಗುವ ಸಾಮಾನುಗಳ ಪಟ್ಟಿ ದೊಡ್ಡದೇನಲ್ಲ. ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಕಂಪ್ಯೂಟರ್ ಬೋರ್ಡ್ ಒಂದು, 230 ವೋಲ್ಟ್ ಕಾಯಿಲಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಒಂದು, ಪಿಝೆಡ್‌ಇಎಂ-004ಟಿ ಎಂಬ ಅಳತೆಯ ಮಾಡ್ಯೂಲ್ ಒಂದು, ಕೆಲವು ರೆಸಿಸ್ಟರ್‌ಗಳು, ಫ್ಯೂಸ್, ನೀರು ನುಗ್ಗದ ಪ್ಲಾಸ್ಟಿಕ್ ಡಬ್ಬಿ. ಮನೆಯೊಳಗೆ ಈ ಮಾಹಿತಿಯನ್ನು ಸಂಗ್ರಹಿಸಲು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಅಥವಾ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಬಹುದು. ಇಎಸ್‌ಪಿ32 ಬೋರ್ಡಿಗೆ ಇಎಸ್‌ಪಿಹೋಮ್ ಎಂಬ ತಂತ್ರಾಂಶ ಬಳಸಿದರೆ ಪ್ರೋಗ್ರಾಮಿಂಗ್ ಬಾರದವರೂ ನಿಭಾಯಿಸಬಹುದು. ಪ್ಯಾನೆಲ್ಲಿನ ಕಂಟ್ರೋಲರಿನಲ್ಲಿ ಆರ್‌ಎಸ್-485 ಎಂಬ ಮಾಹಿತಿ ವಿನಿಮಯದ ಪೋರ್ಟ್ ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆಯೇ, ಏಕೆಂದರೆ ವೋಲ್ಟೇಜಿನಿಂದ ಹಿಡಿದು ಆಯಿಲ್ ಪ್ರೆಶರಿನವರೆಗೆ ಎಲ್ಲವನ್ನೂ ಮಾಡ್‌ಬಸ್ ಎಂಬ ಸಂವಹನ ಕ್ರಮದ ಮೂಲಕ ಓದಬಹುದು. ಮನೆಬಳಕೆಯ ಸಣ್ಣ ಯಂತ್ರಗಳಲ್ಲಿ ಆ ಭಾಗ್ಯ ಕಡಿಮೆ.

ಮೊದಲ ಹಂತ: ಬ್ಯಾಟರಿಯ ವೋಲ್ಟೇಜು

ಒಂದೇ ಒಂದು ಸೆನ್ಸರ್ ಹಾಕಲು ಸಾಧ್ಯ ಎಂದಾದರೆ ಅದು ಇದೇ ಆಗಿರಲಿ. ಡೀಸೆಲ್ ಮಟ್ಟ, ಶಬ್ದ, ಕಂಪನ ಮುಂತಾದವುಗಳ ಕಡೆಗೆ ಜನ ಮೊದಲು ಓಡುತ್ತಾರೆ. ನನ್ನ ಅನುಭವದಲ್ಲಿ ಚಾಲೂ ಆಗದ ಜನರೇಟರಿನ ಕತೆ ಹೆಚ್ಚಿನ ಸಲ ಆರಂಭವಾಗುವುದೂ ಮುಗಿಯುವುದೂ ಬ್ಯಾಟರಿಯ ಹತ್ತಿರವೇ. ಅಲ್ಲದೆ ಬ್ಯಾಟರಿಯ ವೋಲ್ಟೇಜನ್ನು ಓದಲು ಕಲಿತರೆ ಆ ಒಂದು ತಂತಿ ನಾಲ್ಕು ಸಂಗತಿಗಳನ್ನು ಹೇಳುತ್ತದೆ.

ಚಾರ್ಜರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.2ರಿಂದ 13.8 ವೋಲ್ಟ್ ಕಾಣಿಸುತ್ತದೆ. ಚಾರ್ಜರ್ ನಿಂತರೆ ಅದು ಕೆಲವು ಗಂಟೆಗಳಲ್ಲಿ 12.6ರ ಆಸುಪಾಸಿಗೆ ಇಳಿಯುತ್ತದೆ. ಇದು ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿರುವಾಗಿನ ಅಂಕಿ. ಅಲ್ಲಿಂದ 12.4 ಎಂದರೆ ಮುಕ್ಕಾಲು ಭಾಗ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಬಹುತೇಕ ಖಾಲಿ ಎಂದು ತಿಳಿಯಬಹುದು. ಸೆಲ್ಫ್ ಹೊಡೆಯುವ ಒಂದೆರಡು ಸೆಕೆಂಡುಗಳಲ್ಲಿ ವೋಲ್ಟೇಜು ಥಟ್ಟನೆ ಕುಸಿಯುತ್ತದೆ. ಎಂಜಿನ್ ಹತ್ತಿಕೊಂಡು ಅದರ ಚಾರ್ಜಿಂಗ್ ಆಲ್ಟರ್ನೇಟರ್ ಕೆಲಸ ಆರಂಭಿಸಿದ ಮೇಲೆ ಅದೇ ಅಂಕಿ 14ರ ಹತ್ತಿರ ಬಂದು ನಿಲ್ಲುತ್ತದೆ.

ಇಎಸ್‌ಪಿ32 ನೇರವಾಗಿ 12 ವೋಲ್ಟನ್ನು ತಾಳುವುದಿಲ್ಲ. ಆದ್ದರಿಂದ ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಅರ್ಧ ಆಂಪಿಯರಿನ ಫ್ಯೂಸ್ ಹಾಕಿ, ಅಲ್ಲಿಂದ 100 ಕಿಲೋ ಓಮ್, ಅದರ ಮುಂದೆ 15 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, ಕೊನೆಯ ತುದಿಯನ್ನು ಬ್ಯಾಟರಿಯ ಋಣ ತುದಿಗೂ ಬೋರ್ಡಿನ ಗ್ರೌಂಡಿಗೂ ಸೇರಿಸಿ, ಅವುಗಳ ನಡುವಿನ ಬಿಂದುವಿನಿಂದ ಬೋರ್ಡಿಗೆ ತಂತಿ ಒಯ್ಯಬೇಕು. 15 ವೋಲ್ಟ್ ಬಂದರೂ ಬೋರ್ಡಿಗೆ ತಲುಪುವುದು 2 ವೋಲ್ಟಿಗಿಂತ ಸ್ವಲ್ಪ ಕಡಿಮೆ, ತಂತ್ರಾಂಶದಲ್ಲಿ 7.67ರಿಂದ ಗುಣಿಸಿದರೆ ನಿಜವಾದ ಅಂಕಿ ಸಿಗುತ್ತದೆ. ತಂತಿಯನ್ನು 32ರಿಂದ 39ರವರೆಗಿನ ಜಿಪಿಐಒ ಕಾಲುಗಳಲ್ಲಿ (ಬೋರ್ಡಿನ ಸಂಪರ್ಕದ ಪಿನ್‌ಗಳಲ್ಲಿ) ಒಂದಕ್ಕೇ ಜೋಡಿಸಬೇಕು. ಅನಲಾಗ್ ಅಳತೆಗೆಂದು ಇರುವ ಉಳಿದ ಕಾಲುಗಳು ವೈಫೈ ಚಾಲನೆಯಲ್ಲಿರುವಾಗ ಅಳತೆ ಕೊಡುವುದಿಲ್ಲ. ಇದನ್ನರಿಯದೆ ಒಂದು ಇಡೀ ಭಾನುವಾರವನ್ನು ನಾನು ಕಳೆದಿದ್ದೇನೆ. ಕೊನೆಗೆ ಮಲ್ಟಿಮೀಟರಿನ ಅಂಕಿಯೊಂದಿಗೆ ಹೋಲಿಸಿ ತಿದ್ದುಪಡಿ ಮಾಡಿಕೊಳ್ಳುವುದು ಕಡ್ಡಾಯ, ಏಕೆಂದರೆ ಇಲ್ಲಿ 0.2 ವೋಲ್ಟಿನ ವ್ಯತ್ಯಾಸವೂ ಅರ್ಥವನ್ನೇ ಬದಲಿಸುತ್ತದೆ.

ನಿಮಿಷಕ್ಕೊಮ್ಮೆ ಅಳೆದರೆ ಸೆಲ್ಫ್ ಹೊಡೆಯುವಾಗಿನ ಕುಸಿತ ಕಣ್ಣಿಗೇ ಬೀಳುವುದಿಲ್ಲ. ಸೆಕೆಂಡಿಗೆ ಹತ್ತು ಸಲ ಅಳೆದು, ಪ್ರತಿ ಅವಧಿಯ ಅತಿ ಕಡಿಮೆ ಅಂಕಿಯನ್ನು ಮಾತ್ರ ಕಳುಹಿಸುವಂತೆ ಇಎಸ್‌ಪಿಹೋಮ್‌ನ ಮಿನ್ ಫಿಲ್ಟರನ್ನು ಬಳಸಬೇಕು. ಈ ಅತಿ ಕಡಿಮೆ ಅಂಕಿಯೇ ಬ್ಯಾಟರಿಯ ಆರೋಗ್ಯದ ನಿಜವಾದ ಕನ್ನಡಿ. ನಮ್ಮಲ್ಲಿ ಹೊಸ ಬ್ಯಾಟರಿ ಹಾಕಿದಾಗ ಅದು 10.6ಕ್ಕೆ ಇಳಿಯುತ್ತಿತ್ತು; ಎರಡು ವರ್ಷಗಳಲ್ಲಿ 10ಕ್ಕೆ ಬಂದಿದೆ. ವಿಶ್ರಾಂತಿಯ ವೋಲ್ಟೇಜು ಈಗಲೂ 12.6 ಎಂದೇ ತೋರಿಸುತ್ತಿರುವುದರಿಂದ, ಕೇವಲ ಅದನ್ನು ನಂಬಿದ್ದರೆ ಈ ಇಳಿಕೆ ತಿಳಿಯುತ್ತಲೇ ಇರಲಿಲ್ಲ. 9.6ರ ಹತ್ತಿರ ಬಂದರೆ ಮಳೆಗಾಲಕ್ಕೆ ಕಾಯದೆ ಬ್ಯಾಟರಿಯನ್ನು ಬದಲಿಸುವುದೇ ಜಾಣತನ.

ಬೋರ್ಡಿಗೆ ಕರೆಂಟು ಎಲ್ಲಿಂದ ಕೊಡಬೇಕು ಎಂಬುದನ್ನೂ ಇಲ್ಲಿಯೇ ನಿರ್ಧರಿಸಬೇಕು. ಬರಿಯ ಲೈನಿನಿಂದ ಕೊಟ್ಟರೆ, ಲೈನು ಹೋಗಿ ಜನರೇಟರ್ ಹತ್ತುವ ನಡುವಿನ ಹೊತ್ತಿನಲ್ಲಿ, ಅಂದರೆ ನೋಡಲೇಬೇಕಾದ ಹೊತ್ತಿನಲ್ಲೇ, ಅದು ಕಣ್ಣು ಮುಚ್ಚಿರುತ್ತದೆ. ಜನರೇಟರಿನ ಬ್ಯಾಟರಿಯಿಂದಲೇ ಕೊಡಬಹುದಾದರೂ ದಿನಕ್ಕೆ ಸುಮಾರು ಒಂದು ಆಂಪಿಯರ್ ಗಂಟೆಯಷ್ಟು ಖರ್ಚಾಗುತ್ತದೆ. ಚಾರ್ಜರ್ ಕೆಟ್ಟ ದಿನ ಬ್ಯಾಟರಿಯನ್ನು ಹೀರುವ ಕೆಲಸಕ್ಕೆ ನಮ್ಮ ಕಾವಲುಗಾರನೇ ಕೈ ಜೋಡಿಸಿದಂತಾಗುತ್ತದೆ. ಶೆಡ್ಡಿನವರೆಗೆ ಇನ್ವರ್ಟರ್ ಲೈನ್ ಎಳೆದಿದ್ದರೆ ಅದೇ ಉತ್ತಮ, ಇಲ್ಲವಾದರೆ ರೂಟರ್‌ಗಳಿಗೆಂದು ಮಾರುವ ಸಣ್ಣ ಯುಪಿಎಸ್ ಸಾಕು.

ಎರಡನೆಯ ಹಂತ: ಲೈನು ಇದೆಯೇ, ಜನರೇಟರ್ ಕೊಡುತ್ತಿದೆಯೇ

ಮೀಟರಿನಿಂದ ಬರುವ ಲೈನಿಗೆ, ಚೇಂಜ್‌ಓವರಿಗಿಂತ ಮೊದಲೇ, ರಿಲೇಯ ಕಾಯಿಲನ್ನು ಸಣ್ಣ ಫ್ಯೂಸಿನ ಮೂಲಕ ಜೋಡಿಸಬೇಕು. ಲೈನು ಇದ್ದಾಗ ರಿಲೇ ಎಳೆದುಕೊಳ್ಳುತ್ತದೆ, ಹೋದಾಗ ಬಿಡುತ್ತದೆ. ಅದರ ಕಾಂಟ್ಯಾಕ್ಟಿನ ಎರಡು ತಂತಿಗಳು ಬೋರ್ಡಿಗೆ ಹೋಗುತ್ತವೆಯಾದ್ದರಿಂದ 230 ವೋಲ್ಟಿಗೂ ಬೋರ್ಡಿಗೂ ಎಲ್ಲಿಯೂ ಸಂಪರ್ಕವಿರುವುದಿಲ್ಲ. ಬೋರ್ಡಿನ ತಲೆನೋವೇ ಬೇಡ ಎನ್ನುವವರು ಬಾಗಿಲಿಗೆ ಅಂಟಿಸುವ ಜಿಗ್‌ಬೀ (ತಂತಿಯಿಲ್ಲದ ಸಂಪರ್ಕದ) ಸೆನ್ಸರೊಂದನ್ನು ಬಿಚ್ಚಿ, ಅದರೊಳಗಿನ, ಅಯಸ್ಕಾಂತಕ್ಕೆ ಮುಚ್ಚುವ ರೀಡ್ ಸ್ವಿಚ್ಚಿನ ಎರಡು ತುದಿಗಳಿಗೆ ಇದೇ ಕಾಂಟ್ಯಾಕ್ಟಿನ ತಂತಿಗಳನ್ನು ಬೆಸೆದರೂ ಆಯಿತು. ಬಾಗಿಲು ತೆರೆದಿದೆ ಎಂದರೆ ಕರೆಂಟು ಹೋಗಿದೆ ಎಂದು ಅರ್ಥ ಮಾಡಿಕೊಂಡರೆ ಮುಗಿಯಿತು. ಪ್ಯಾನೆಲ್ಲಿನಲ್ಲಿ ಚಾಲೂ ಆಗದಿರುವುದನ್ನು ಸೂಚಿಸುವ ಖಾಲಿ ಕಾಂಟ್ಯಾಕ್ಟ್ (ತನ್ನಲ್ಲಿ ವೋಲ್ಟೇಜಿಲ್ಲದ ಸ್ವಿಚ್ ತುದಿಗಳು) ಇದ್ದರೆ ಅದನ್ನೂ ಹೀಗೆಯೇ ಬಳಸಿಕೊಳ್ಳಬಹುದು.

ಜನರೇಟರಿನ ಔಟ್‌ಪುಟ್ಟಿಗೆ ಪಿಝೆಡ್‌ಇಎಂ ಮಾಡ್ಯೂಲನ್ನು ಜೋಡಿಸಬೇಕು. ಇದು 80ರಿಂದ 260 ವೋಲ್ಟ್ ನಡುವೆ ವೋಲ್ಟೇಜು, ಕರೆಂಟು, ವ್ಯಾಟ್, ಯೂನಿಟ್ ಹಾಗೂ ಫ್ರೀಕ್ವೆನ್ಸಿಗಳನ್ನು ಅಳೆಯುತ್ತದೆ. ಅದರ ಬಳೆಯಂಥ ಸಿಟಿಯೊಳಗೆ (ಕರೆಂಟು ಅಳೆಯುವ ಸುರುಳಿಯೊಳಗೆ) ಫೇಸ್ ತಂತಿಯೊಂದು ಮಾತ್ರ ಹಾಯಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಯಿಸಿದರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸುತ್ತದೆ. ಮಾಡ್ಯೂಲಿನ ಸಂವಹನ ಭಾಗ 5 ವೋಲ್ಟಿನದು, ಇಎಸ್‌ಪಿ32 ಕಾಲುಗಳು 3.3 ವೋಲ್ಟಿನವು, ನಡುವೆ ಲೆವೆಲ್ ಶಿಫ್ಟರ್ ಹಾಕಬೇಕು. ಅಳೆಯುವ ಭಾಗಕ್ಕೆ ಜೀವ ಬರುವುದು ಜನರೇಟರಿನ ಕರೆಂಟಿನಿಂದಲೇ ಆದ್ದರಿಂದ ಎಂಜಿನ್ ನಿಂತಿರುವಾಗ ಮಾಡ್ಯೂಲ್ ಯಾವ ಉತ್ತರವನ್ನೂ ಕೊಡುವುದಿಲ್ಲ. ಇದನ್ನು ದೋಷ ಎಂದು ಭಾವಿಸದೆ, ಉತ್ತರವಿಲ್ಲ ಎಂದರೆ ಯಂತ್ರ ನಿಂತಿದೆ ಎಂದು ತಂತ್ರಾಂಶಕ್ಕೆ ಹೇಳಿಕೊಡಬೇಕು.

ಫ್ರೀಕ್ವೆನ್ಸಿಯ ಅಂಕಿಯನ್ನು ಕಡೆಗಣಿಸಬಾರದು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ನಾಲ್ಕು ಧ್ರುವದ ಆಲ್ಟರ್ನೇಟರಿನಿಂದ ನಿಖರವಾಗಿ 50 ಹರ್ಟ್ಸ್ ಬರುತ್ತದೆ. ಮೆಕ್ಯಾನಿಕಲ್ ಗವರ್ನರ್ (ಎಂಜಿನ್ನಿನ ವೇಗ ಹಿಡಿದಿಡುವ ಭಾಗ) ಇರುವ ಯಂತ್ರಗಳು ಲೋಡ್ ಇಲ್ಲದಾಗ 52ರ ಹತ್ತಿರ ಓಡಿ, ಲೋಡ್ ಬಿದ್ದಾಗ 50ರ ಕಡೆಗೆ ಇಳಿಯುವುದು ಸಹಜ. ಹಿಂದೆ ಯಾವ ಲೋಡಿಗೆ 50 ಇತ್ತೋ ಅದೇ ಲೋಡಿಗೆ ಈಗ 48 ಬರುತ್ತಿದ್ದರೆ, ಅಥವಾ ಅಂಕಿ ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಿದ್ದರೆ, ಡೀಸೆಲ್ ಫಿಲ್ಟರ್ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡಬೇಕು. ನಮ್ಮ ಕಡೆ ಕುಂಬಾರ ಹುಳು ಸಣ್ಣ ತೂತು ಕಂಡಲ್ಲೆಲ್ಲ ಮಣ್ಣಿನ ಗೂಡು ಕಟ್ಟುವುದರಿಂದ, ತಿಂಗಳುಗಟ್ಟಲೆ ನಿಂತ ಯಂತ್ರದ ಗಾಳಿಯ ದಾರಿಗಳನ್ನು ಟಾರ್ಚ್ ಬಿಟ್ಟು ನೋಡುವ ಕೆಲಸವನ್ನು ಯಾವ ಸೆನ್ಸರೂ ತಪ್ಪಿಸುವುದಿಲ್ಲ.

ಯಂತ್ರ ಎಷ್ಟು ಗಂಟೆ ಓಡಿತು ಎಂಬ ಲೆಕ್ಕವೂ ಈ ಮಾಡ್ಯೂಲಿನಿಂದಲೇ ಬರುತ್ತದೆ: ಔಟ್‌ಪುಟ್ ವೋಲ್ಟೇಜು 180ಕ್ಕಿಂತ ಹೆಚ್ಚಿದ್ದ ಅವಧಿಯನ್ನು ಕೂಡಿಸುತ್ತ ಹೋದರಾಯಿತು. ಆಯಿಲ್ ಬದಲಿಸುವ ಗಂಟೆಗಳನ್ನು ಯಂತ್ರದ ಕೈಪಿಡಿ ನೋಡಿಯೇ ನಿಗದಿಪಡಿಸಬೇಕು. ಅಷ್ಟು ಗಂಟೆ ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಮೂರನೆಯ ಹಂತ: ಡೀಸೆಲ್

ಇಲ್ಲಿ ಹಣ ಹಾಳು ಮಾಡಿಕೊಳ್ಳುವವರು ಹೆಚ್ಚು. ಟ್ಯಾಂಕಿನ ಮಟ್ಟ ಅಳೆಯಲು ಸುಲಭವಾಗಿ ಸಿಗುವ ಜೆಎಸ್‌ಎನ್-ಎಸ್‌ಆರ್04ಟಿ ಎಂಬ ಅಲ್ಟ್ರಾಸಾನಿಕ್ ಸೆನ್ಸರಿಗೆ 20 ಸೆಂಟಿಮೀಟರಿಗಿಂತ ಹತ್ತಿರದ ವಸ್ತು ಕಾಣುವುದಿಲ್ಲ. ಮನೆಯ ಜನರೇಟರ್‌ಗಳ ಟ್ಯಾಂಕುಗಳು ಬಹಳ ಸಲ ಅಗಲವಾಗಿ, ಗಿಡ್ಡವಾಗಿ ಇರುವುದರಿಂದ ಅದಕ್ಕೆ ಕಾಣುವ ಭಾಗವೇ ಅತ್ಯಲ್ಪ. ಟ್ಯಾಂಕಿಗೆ ತೂತು ಕೊರೆಯುವ ಸಾಹಸವನ್ನಂತೂ ಯಾರೂ ಮಾಡಬಾರದು.

ಯೂನಿಟ್ ಲೆಕ್ಕದಿಂದ ಡೀಸೆಲ್ ಅಂದಾಜು ಮಾಡುವುದೇ ನನಗೆ ಹೆಚ್ಚು ಭರವಸೆಯ ದಾರಿ ಎನಿಸಿದೆ. ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿ, ದಿನನಿತ್ಯದ ಲೋಡಿನಲ್ಲಿ ಎರಡು ಗಂಟೆ ಓಡಿಸಿ, ಮತ್ತೆ ಅದೇ ಗುರುತಿಗೆ ಬರುವಷ್ಟು ಡೀಸೆಲನ್ನು ಅಳತೆಯ ಪಾತ್ರೆಯಿಂದ ಹಾಕಬೇಕು. ನಮ್ಮಲ್ಲಿ 3.2 ಯೂನಿಟಿಗೆ 1.3 ಲೀಟರ್ ಬೇಕಾಯಿತು, ಅಂದರೆ ಲೀಟರಿಗೆ ಸುಮಾರು ಎರಡೂವರೆ ಯೂನಿಟ್. ಲೋಡ್ ತೀರಾ ಕಡಿಮೆಯಿದ್ದಾಗ ಲೀಟರಿಗೆ ಸಿಗುವ ಯೂನಿಟ್ ಇನ್ನೂ ಇಳಿಯುತ್ತದೆಯಾದ್ದರಿಂದ ಅಂದಾಜನ್ನು ಸ್ವಲ್ಪ ಬಿಗಿಯಾಗಿಯೇ ಇಡಬೇಕು. ತುಂಬಿದ ದಿನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಟ್ಯಾಂಕಿಗೆ ಅದ್ದಿ ನೋಡುವ ಕಡ್ಡಿಯನ್ನು ಮಾತ್ರ ಎಸೆಯಬಾರದು.

ನಾಲ್ಕನೆಯ ಹಂತ: ಹೊಗೆ

ಜನರೇಟರಿನ ಹೊಗೆಯಲ್ಲಿರುವ, ಪ್ರಾಣ ತೆಗೆಯಬಲ್ಲ ಇಂಗಾಲದ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜನರೇಟರಿಗೆ ಅತಿ ಹತ್ತಿರವಿರುವ ಮಲಗುವ ಕೋಣೆಯಲ್ಲಿ ಬ್ಯಾಟರಿಯಿಂದ ನಡೆಯುವ, ಸ್ವಂತ ಸೈರನ್ ಇರುವ ಡಿಟೆಕ್ಟರನ್ನು ಹಾಕಬೇಕು. ಯುರೋಪಿನ ಇಎನ್ 50291 ಮಾನದಂಡದ ಉಪಕರಣಗಳು ಗಾಳಿಯಲ್ಲಿ ಈ ಅನಿಲ 100 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ) ಇದ್ದರೆ 10ರಿಂದ 40 ನಿಮಿಷಗಳ ನಡುವೆ, 300 ಪಿಪಿಎಂ ಇದ್ದರೆ 3 ನಿಮಿಷಗಳ ಒಳಗೆ ಕೂಗಲೇಬೇಕು. ಎಂಕ್ಯೂ-7 ಎಂಬ ಅನಿಲ ಸೆನ್ಸರ್ ಮಾಡ್ಯೂಲನ್ನು ಬೋರ್ಡಿಗೆ ಜೋಡಿಸಿ ಇದೇ ಕೆಲಸ ಮಾಡಿಸುತ್ತೇನೆ ಎನ್ನುವುದು ಪ್ರಯೋಗಕ್ಕೆ ಸರಿ, ಪ್ರಾಣಕ್ಕೆ ಸಾಲದು. ಮಳೆಯ ಎರಚಲಿಗೆಂದು ಯಂತ್ರವನ್ನು ಜಗುಲಿಗೋ ಅಡಿಕೆ ಸುಲಿಯುವ ಚಪ್ಪರದೊಳಗೋ ತರುವ ಅಭ್ಯಾಸವಿದ್ದರೆ, ಡಿಟೆಕ್ಟರ್ ಕೊಳ್ಳುವ ಮೊದಲು ಆ ಅಭ್ಯಾಸವನ್ನು ಬಿಡಬೇಕು.

ಐದನೆಯ ಹಂತ: ಸುದ್ದಿ ಯಾರಿಗೆ, ಹೇಗೆ ತಲುಪಬೇಕು

ಇಷ್ಟನ್ನೆಲ್ಲ ಅಳವಡಿಸಿದ ಮೇಲೂ ವ್ಯವಸ್ಥೆ ಸೋಲುವುದು ಇಲ್ಲಿಯೇ. ಮೊದಲ ವರ್ಷ ನಾನು ಪ್ರತಿ ಏರಿಳಿತಕ್ಕೂ ಸಂದೇಶ ಬರುವಂತೆ ಮಾಡಿದ್ದೆ. ಒಂದೇ ವಾರದಲ್ಲಿ ಅವುಗಳನ್ನು ಓದುವುದನ್ನೇ ಬಿಟ್ಟೆ. ಈಗ ಇರುವುದು ನಾಲ್ಕೇ ಎಚ್ಚರಿಕೆಗಳು. ಲೈನು ಹೋಗಿ ಎರಡು ನಿಮಿಷವಾದರೂ ಜನರೇಟರಿನ ವೋಲ್ಟೇಜು ಬರದಿದ್ದರೆ ತುರ್ತು ಸಂದೇಶ ಬರುತ್ತದೆ. ಲೈನು ಇದ್ದೂ ಬ್ಯಾಟರಿ ಅರ್ಧ ಗಂಟೆಯ ಕಾಲ 12.9 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜರ್ ನಿಂತಿದೆ ಎಂಬ ಸಂದೇಶ. ಡೀಸೆಲ್ ಅಂದಾಜು ಎಂಟು ಗಂಟೆಗಿಂತ ಕಡಿಮೆಯಾದರೆ ಮೂರನೆಯದು, ಹತ್ತು ದಿನಗಳಲ್ಲಿ ಯಂತ್ರ ಒಮ್ಮೆಯೂ ಓಡದಿದ್ದರೆ ನಾಲ್ಕನೆಯದು.

ಆದರೆ ಕರೆಂಟು ಹೋದ ಹಳ್ಳಿಯಲ್ಲಿ ಇಂಟರ್‌ನೆಟ್ಟೂ ಹೆಚ್ಚು ಹೊತ್ತು ಇರುವುದಿಲ್ಲ. ನಮ್ಮ ರೂಟರಿಗೆ ಯುಪಿಎಸ್ ಇದ್ದರೂ ಫೈಬರ್ ಮರದ ಕೆಳಗೆ ಸಿಕ್ಕಿರಬಹುದು, ಟವರಿನ ಬ್ಯಾಟರಿ ಮುಗಿದಿರಬಹುದು. ಆಗ ಮನೆಯ ತಂತ್ರಾಂಶ ಎಷ್ಟು ಕೂಗಿದರೂ ಹೊರಗಿನವರಿಗೆ ಕೇಳಿಸದು. ಆದ್ದರಿಂದ ಮನೆಯಿಂದ ಐದು ನಿಮಿಷಕ್ಕೊಮ್ಮೆ ಹೊರಗಿನ ಒಂದು ಸರ್ವರಿಗೆ "ಇದ್ದೇನೆ" ಎಂಬ ಸಣ್ಣ ಸಂಕೇತ ಹೋಗುವಂತೆ ಮಾಡಿ, ಅರ್ಧ ಗಂಟೆ ಅದು ಬಾರದಿದ್ದರೆ ಆ ಸರ್ವರೇ ನಮಗೆ ಸಂದೇಶ ಕಳುಹಿಸುವಂತೆ ಏರ್ಪಡಿಸಬೇಕು. ಈ ಬಗೆಯ ಸೇವೆಗಳು ಉಚಿತವಾಗಿಯೂ ಸಿಗುತ್ತವೆ. ಮೌನವೂ ಒಂದು ಸುದ್ದಿಯಾದಾಗ ಮಾತ್ರ ದೂರದಲ್ಲಿರುವವರಿಗೆ ಈ ಕಾವಲಿನಿಂದ ಪ್ರಯೋಜನ. ಸಿಗ್ನಲ್ ಕ್ಷೀಣವಿರುವ ಕಡೆ ಎಸ್‌ಎಂಎಸ್ ಕಳುಹಿಸುವ ಸಣ್ಣ ಜಿಎಸ್‌ಎಂ ಮಾಡ್ಯೂಲನ್ನೂ ಸೇರಿಸಬಹುದು. ಅಗ್ಗದ ಮಾಡ್ಯೂಲ್‌ಗಳು 2ಜಿ ಮಾತ್ರ ಬಲ್ಲವಾದ್ದರಿಂದ 2ಜಿ ಇಲ್ಲದ ಜಿಯೋ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ಸಂದೇಶ ಬೆಂಗಳೂರಿಗೆ ಬಂದರೆ ಬೆಂಗಳೂರಿನಲ್ಲಿರುವವನು ಮಾಡುವುದೇನು? ಊರಿನ ಎಲೆಕ್ಟ್ರಿಷಿಯನ್ನಿಗೆ ಅಥವಾ ಪಕ್ಕದ ಮನೆಯವರಿಗೆ ಫೋನು ಮಾಡುವುದಷ್ಟೇ. ಹಾಗಾದರೆ ಅವರ ಒಪ್ಪಿಗೆ ಪಡೆದು ಚಾರ್ಜರಿನ ಸಂದೇಶ ನೇರವಾಗಿ ಅವರಿಗೂ ಹೋಗುವಂತೆ ಮಾಡಬಹುದು. ಮನೆಯಲ್ಲಿರುವ ಹಿರಿಯರಿಗೆ ಫೋನಿನ ಸಂದೇಶ ಉಪಯೋಗವಿಲ್ಲ. ಅಡುಗೆಮನೆಯ ಬಾಗಿಲ ಮೇಲೆ ಇನ್ವರ್ಟರ್ ಲೈನಿನಿಂದ ಉರಿಯುವ ಕೆಂಪು ದೀಪವೊಂದನ್ನು ಸ್ಮಾರ್ಟ್ ಪ್ಲಗ್ಗಿನ ಮೂಲಕ ಹಾಕಿದ್ದೇನೆ. ಲೈನು ಹೋಗಿ ಜನರೇಟರ್ ಹತ್ತದಿದ್ದರೆ ಅದು ಬೆಳಗುತ್ತದೆ. ಇಡೀ ವ್ಯವಸ್ಥೆಯಲ್ಲಿ ಅಮ್ಮ ಮೆಚ್ಚಿಕೊಂಡದ್ದು ಅದೊಂದನ್ನೇ.

ಕೊನೆಯ ಹಂತ: ಪರೀಕ್ಷೆ

ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಯಂತ್ರವನ್ನು ಓಡಿಸುವ ಪದ್ಧತಿ ಒಳ್ಳೆಯದೇ, ಆದರೆ ಖಾಲಿ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡು ಕಟ್ಟುತ್ತದೆ. ತುರ್ತು ಜನರೇಟರ್‌ಗಳ ಬಗೆಗಿನ ಅಮೆರಿಕದ ಎನ್‌ಎಫ್‌ಪಿಎ 110 ಮಾನದಂಡ ತಿಂಗಳಿಗೊಮ್ಮೆ ಅರ್ಧ ಗಂಟೆ, ಕನಿಷ್ಠ ಶೇ. 30 ಲೋಡಿನಲ್ಲಿ ಓಡಿಸಬೇಕೆನ್ನುತ್ತದೆ. ಮನೆಗೂ ಅದು ಒಪ್ಪುವ ಅಳತೆ. 0.8 ಪವರ್ ಫ್ಯಾಕ್ಟರಿನ 7.5 ಕೆವಿಎ ಯಂತ್ರ ಎಂದರೆ 6 ಕಿಲೋವ್ಯಾಟ್, ಅದರ ಶೇ. 30 ಎಂದರೆ 1.8 ಕಿಲೋವ್ಯಾಟ್. 2 ಕಿಲೋವ್ಯಾಟಿನ ಗೀಸರ್ ಹಾಕಿ, ಅದರ ನೀರು ಕಾದು ಆಫ್ ಆದ ಮೇಲೆ ಪಂಪು ಹಾಕಿದರೆ ಸಾಕು. ಆ ದಿನದ ವ್ಯಾಟ್, ಫ್ರೀಕ್ವೆನ್ಸಿ ಮತ್ತು ಸೆಲ್ಫಿನ ಕುಸಿತ ಮೂರನ್ನೂ ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿಸಿದ ಕಾಗದದಲ್ಲಿ ಬರೆದಿಡುವುದು ಹಳೆಯ ಕಾಲದ ಕ್ರಮವೆನಿಸಿದರೂ, ರಿಪೇರಿಗೆ ಬರುವ ಮೆಕ್ಯಾನಿಕ್ ಓದುವುದು ಅದನ್ನೇ.

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಎಚ್ಚರಿಕೆಗಳನ್ನೂ ಒಂದೊಂದಾಗಿ ಬೇಕೆಂದೇ ಹುಟ್ಟಿಸಿ ನೋಡಬೇಕು. ಮೊದಲು ಮೇನ್ ಸ್ವಿಚ್ ಇಳಿಸಿ, ಯಂತ್ರ ತಾನಾಗಿ ಹತ್ತುವವರೆಗಿನ ಸೆಕೆಂಡುಗಳನ್ನು ಗಡಿಯಾರ ನೋಡಿ ಎಣಿಸಬೇಕು. ಬಳಿಕ ಪ್ಯಾನೆಲ್ಲನ್ನು ಆಫ್ ಸ್ಥಿತಿಯಲ್ಲಿಟ್ಟು ಮತ್ತೆ ಮೇನ್ ಇಳಿಸಿದರೆ ಕೆಂಪು ದೀಪ ಬೆಳಗಬೇಕು, ಸಂದೇಶ ಬರಬೇಕು; ಪ್ಯಾನೆಲ್ಲನ್ನು ಮರಳಿ ಆಟೋ ಸ್ಥಿತಿಗೆ ತಂದು, ಮೇನ್ ಏರಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ರೂಟರನ್ನು ಆರಿಸಿ ಅರ್ಧ ಗಂಟೆ ಕಾದು, ಹೊರಗಿನ ಸರ್ವರಿನಿಂದ ಸುದ್ದಿ ಬಂತೇ ಎಂದು ಮೊಬೈಲ್ ಡೇಟಾದಲ್ಲಿ ನೋಡಬೇಕು. ಕಡೆಯದಾಗಿ ಚಾರ್ಜರಿನ ಎಂಸಿಬಿಯನ್ನು ಇಳಿಸಿ ಬ್ಯಾಟರಿಯ ಎಚ್ಚರಿಕೆ ಬರುವವರೆಗೆ ಕಾಯಬೇಕು; ತುಂಬಿದ ಬ್ಯಾಟರಿ 12.9ರ ಕೆಳಗೆ ಇಳಿಯಲು ಕೆಲವು ಗಂಟೆ ಹಿಡಿಯುವುದರಿಂದ ಇದನ್ನು ಬೆಳಿಗ್ಗೆಯೇ ಆರಂಭಿಸಬೇಕು. ಕಳೆದ ಮೇ ತಿಂಗಳಲ್ಲಿ ನಾನು ಅದನ್ನು ಇಳಿಸಿ, ಊಟಕ್ಕೆ ಕುಳಿತು, ಮಾತಿನಲ್ಲಿ ಮರೆತು ಸಂಜೆಯ ಬಸ್ಸಿಗೆ ಹೊರಟುಬಿಟ್ಟಿದ್ದೆ. ಬಸ್ಸು ಶಿವಮೊಗ್ಗ ತಲುಪುವ ಮುನ್ನವೇ ಚಾರ್ಜರ್ ನಿಂತಿದೆ ಎಂಬ ಸಂದೇಶ ನನ್ನ ಫೋನಿಗೂ ಪಕ್ಕದ ಮನೆಯವರ ಫೋನಿಗೂ ಬಂತು. ಅವರು ಟಾರ್ಚ್ ಹಿಡಿದು ಹೋಗಿ ಎಂಸಿಬಿ ಏರಿಸಿ ಬಂದರು.